ಬಲಮಗ್ಗುಲಿಲ್ಲದ ಹೆಲಿಕಾಪ್ಟರು

ನಮ್ಮ ಚಿಕ್ಕಪ್ಪನ ಲೆಕ್ಕದಲ್ಲಿ ನನ್ನ ಎತ್ತರ ಮೂರೂವರೆ ಸೆಂಟಿಮೀಟರ್! ನಗಬೇಡಿ, ನಿಮ್ಮನ್ನೂ ಬಿಡುತ್ತಿರಲಿಲ್ಲ. ಮನೆಗೆ ಯಾರೇ ಬರಲಿ, ಮೇಲಿಂದ ಕೆಳಗೆ ಒಮ್ಮೆ ನೋಡಿ ನಲವತ್ತೆಂಟರಿಂದ ಭಾಗಿಸುವುದು ಅವನ ಚಟ. ಯಾಕೆಂದರೆ ಅವನು ಕಟ್ಟುತ್ತಿದ್ದ ಹೆಲಿಕಾಪ್ಟರು ಅಸಲಿಯ ನಲವತ್ತೆಂಟನೇ ಒಂದು ಪಾಲು.

ಹರಿಹರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಅವನಿಗೆ ಕೆಲಸ. ಮನೆಗೆ ಬಂದರೆ ಹೆಲಿಕಾಪ್ಟರು. ಅದೂ ಎಂಥದ್ದು? ಕಮಾಂಡೋಗಳನ್ನು ಕತ್ತಲಲ್ಲಿ ಶತ್ರುವಿನ ನಾಡಿನೊಳಗೆ ಇಳಿಸಿ ಬರುವ ವಿದೇಶಿ ಮಿಲಿಟರಿ ಹೆಲಿಕಾಪ್ಟರು! ದಾವಣಗೆರೆ ಪಿ.ಜೆ. ಬಡಾವಣೆಯ ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೇ ಪತ್ರಿಕೆಯ ಒಂದೇ ಒಂದು ಫೋಟೋ ಅದಕ್ಕೆ ಆಧಾರ. ಹಾರುತ್ತಲೇ ಇಂಧನ ತುಂಬಿಕೊಳ್ಳುವ ಮೂತಿಯ ಕೊಳವೆಗೆ ಬಾಲ್‌ಪೆನ್ನಿನ ರೀಫಿಲ್ಲು, ಗಾಜಿಗೆ ಕ್ಯಾಸೆಟ್ ಡಬ್ಬಿ, ತಗಡಿನ ಮೇಲೆ ಸೂಜಿಯಿಂದ ಚುಚ್ಚಿದ ಸಾವಿರಾರು ರಿವೆಟ್ ಮೊಳೆಯ ಗುರುತು. ಎಂಜಿನ್ನಿನ ಹೊಗೆ ಬರುವ ಬಾಯಿಗೆ ಮಸಿ ಹಿಡಿದಿರಬೇಕಲ್ಲ? ಚಿಕ್ಕಮ್ಮನ ಕಾಡಿಗೆ ಡಬ್ಬಿ ಖಾಲಿ!

"ನನ್ನ ಕಣ್ಣಿಗೆ ಬ್ಯಾಡೇನ್ರಿ?" ಎಂದು ಆಕೆ ರೇಗಿದರೆ, "ನಿನ್ನ ಕಣ್ಣು ಹಂಗೇ ಚಂದ ಐತೆ ಬಿಡೆ" ಅನ್ನುತ್ತಿದ್ದ. ಆಕೆ ಮತ್ತೊಂದು ಡಬ್ಬಿ ತರುತ್ತಿದ್ದಳು.

ಆದರೆ ಫೋಟೋದಲ್ಲಿ ಕಾಣುತ್ತಿದ್ದುದು ಎಡಮಗ್ಗುಲು ಮಾತ್ರ. ಹಾಗಾಗಿ ಬಲಮಗ್ಗುಲು ಬರೀ ಬೋಳು ತಗಡು. "ಅಂದಾಜಿನ ಮೇಲೆ ಮಾಡಿಬಿಡು ಚಿಕ್ಕಪ್ಪ, ಯಾರು ನೋಡ್ತಾರೆ?" ಅಂದೆ.

"ನೋಡ್ದೆ ಇದ್ದದ್ದು ಮಾಡಿದ್ರೆ ಸುಳ್ಳಾಗಲ್ವೇನೋ?" ಎಂದು ಗದರಿದ.

ತೊಂಬತ್ತರ ದಶಕದ ಕೊನೆಯ ಮಾತು. ಎಸ್.ಎಸ್. ಬಡಾವಣೆಯ ಬಟ್ಟೆ ವ್ಯಾಪಾರಿಯೊಬ್ಬರ ಮಗಳನ್ನು ನೋಡಿ ಬಂದಿದ್ದೆ. ಹುಡುಗಿ ಒಪ್ಪಿದ್ದಳು, ಅವರಪ್ಪ ಇನ್ನೂ ಬಾಯಿಬಿಟ್ಟಿರಲಿಲ್ಲ. ಆಗಲೇ ಚುನಾವಣೆ ಭಾಷಣಕ್ಕೆ ದೊಡ್ಡ ನಾಯಕರೊಬ್ಬರು ದಾವಣಗೆರೆಗೆ ಹೆಲಿಕಾಪ್ಟರಿನಲ್ಲಿ ಬಂದರು. ಊರೇ ಮೈದಾನಕ್ಕೆ ನುಗ್ಗಿತು. ನಾನೂ ಭಾವಿ ಮಾವನವರ ಪಕ್ಕದಲ್ಲಿ ಬಲು ಗಂಭೀರವಾಗಿ ನಿಂತಿದ್ದೆ. ನೋಡುತ್ತೇನೆ, ಹಗ್ಗದಾಚೆ ಹೆಲಿಕಾಪ್ಟರಿನ ಬಾಲದಡಿ ಒಬ್ಬ ಅಂಗಾತ ಮಲಗಿದ್ದಾನೆ! ಕೈಯಲ್ಲಿ ಅಳತೆ ಟೇಪು, ಕಿವಿಯಲ್ಲಿ ಪೆನ್ಸಿಲ್ಲು. ಇನ್ಯಾರು, ನಮ್ಮ ಚಿಕ್ಕಪ್ಪ!

ಪೊಲೀಸರು ಕೊರಳಪಟ್ಟಿ ಹಿಡಿದು ಎಳೆತಂದರು. "ಒಂದ್ನಿಮಿಷ ಸಾಹೇಬ್ರೆ, ಇದು ಬ್ಯಾರೆ ಜಾತಿದು, ಆದ್ರೂ ಬಲಗಡೆ ರಿವೆಟ್ ಸಾಲು ಹೆಂಗೆ ಬರ್ತೈತೆ ಅಂತ..." ಜನ ಗೊಳ್ಳೆಂದು ನಕ್ಕರು. "ಪಾಪ, ತಲೆ ಕೆಟ್ಟೈತೆ" ಎಂದರು ಭಾವಿ ಮಾವ. ಅಷ್ಟರಲ್ಲಿ ಚಿಕ್ಕಪ್ಪನ ಕಣ್ಣಿಗೆ ನಾನು ಬಿದ್ದೆ. ಅವನ ಮುಖ ಅರಳಿತು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿ ನನ್ನತ್ತ ತಿರುಗಿದರು.

"ಏನ್ರಿ, ನಿಮ್ಮ ಕಡೆಯವ್ರಾ?"

"ಗೊತ್ತಿಲ್ಲ ಸಾರ್. ಯಾರೋ ಏನೋ" ಅಂದೆ.

ಚಿಕ್ಕಪ್ಪ ನನ್ನನ್ನು ನೋಡಿದ. ನನ್ನ ಪಕ್ಕದ ರೇಷ್ಮೆ ಜುಬ್ಬಾದವರನ್ನೂ ನೋಡಿದ. "ಹೌದ್ರಿ ಸಾಹೇಬ್ರೆ, ನಾನೂ ಆ ಹುಡುಗನ್ನ ಎಲ್ಲೂ ನೋಡಿಲ್ಲ" ಎಂದ.

ಸಂಜೆವರೆಗೆ ಠಾಣೆಯಲ್ಲಿ ಕೂರಿಸಿ ಬಿಟ್ಟರಂತೆ. ಮರುದಿನ ನಾನು ತಲೆ ತಗ್ಗಿಸಿಕೊಂಡು ಹರಿಹರಕ್ಕೆ ಹೋದರೆ ಅವನೇ ನನಗೆ ಸಮಾಧಾನ ಹೇಳಬೇಕೆ! "ಮಾಡಿದ್ದು ಸರಿಯಾತು ಬಿಡೋ. ಮದ್ವೆ ಗಟ್ಟಿಯಾದ್ರೂ ನಾನು ಬರಲ್ಲ, ನಿಮ್ಮ ಮಾವ ಗುರುತು ಹಿಡಿದುಬಿಡ್ತಾರೆ. ಚಿಕ್ಕಪ್ಪಗೆ ಜ್ವರ ಅಂತ ಹೇಳು." ನಾನು 'ಬಾ' ಎನ್ನಲಿಲ್ಲ. ಬರೆಯಲಿಕ್ಕೂ ನಾಚಿಕೆಯಾಗುತ್ತದೆ, ಒಳಗೊಳಗೇ ಹಗುರಾದೆ.

ಕೊನೆಗೂ ಮಾವನವರು ಒಪ್ಪಿದರು. ಮದುವೆ ದಿನ ತಾಳಿ ಕಟ್ಟಿ ಮುಗಿಸುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಮಾವನವರು ನನ್ನನ್ನು ನೇರ ಅಡಿಗೆಮನೆಗೇ ಕರೆದೊಯ್ದರು. ಅಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಒಲೆ ಮುಂದೆ ಹೋಳಿಗೆ ಬೇಯಿಸುತ್ತಿದ್ದವನು ಚಿಕ್ಕಪ್ಪ! ಬರದೆ ಇರಲಾಗದೆ, ಹಿಂಬಾಗಿಲಿನಿಂದ ಬಂದು ಅಡಿಗೆಯವರ ಜೊತೆ ಸೇರಿಕೊಂಡಿದ್ದ.

"ಇವ್ರನ್ನ ಎಲ್ಲೋ ನೋಡಿದಂಗೈತಲ್ಲ?" ಎಂದರು ಮಾವ.

ನಮ್ಮ ಚಿಕ್ಕಪ್ಪ ಎನ್ನಲು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಅವನೇ, "ನಾನು ಅಡಿಗೆಯೋನ್ರಿ ಸಾವ್ಕಾರ್ರೆ" ಎಂದು ನನಗೆ ಮಣೆ ಹಾಕಿದ. "ಕೂಡ್ರಿ ಸ್ವಾಮಿ, ಬಿಸಿ ಹೋಳಿಗೆ ಐತೆ."

ತೆರೆದ ಬಾಯಿ ಮುಚ್ಚಿ ಕೂತೆ. ಹೋಳಿಗೆ ಬಡಿಸಿ, "ಸಾಕು ಅನ್ನೋ ತನಕ ಹಾಕ್ತೀನ್ರಿ" ಎಂದು ತುಪ್ಪ ಸುರಿಯುತ್ತಾ ಹೋದ. ತುಪ್ಪ ಎಲೆಯಂಚು ದಾಟಿ ನೆಲಕ್ಕಿಳಿಯಿತು, ನಾನು ಸಾಕು ಅನ್ನದೆ ಹೋಳಿಗೆ ಮುರಿದೆ.