ಹೆದರಬೇಡಿ ಎಂದ ರೇಡಿಯೊ

ಊರಿನ ಪುಟ್ಟ ಎಎಂ ರೇಡಿಯೊ ನಿಲಯದ ಉದ್ಘೋಷಕನಿಗೆ ಆ ಬೆಳಿಗ್ಗೆ ಹೊಸ ಕೆಲಸ ಗಂಟುಬಿತ್ತು. ಸಂಜೆ ಕೇಂದ್ರ ಕಚೇರಿಯಿಂದ ದೊಡ್ಡ ಸಾಹೇಬರು ಬರುತ್ತಾರೆ. ಅಷ್ಟರೊಳಗೆ ನಿಲಯದ ಇತಿಹಾಸವನ್ನು ಹಳೇ ಕೇಳುಗರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಬೇಕು. ಕೇಳುವವರೇ ಇಲ್ಲವೆಂದಾದರೆ ನಿಲಯಕ್ಕೆ ಬೀಗ, ಅವನ ಹೊಟ್ಟೆಗೆ ತಣ್ಣೀರು ಬಟ್ಟೆ.

ಪಾಪ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೆಕಾರ್ಡರ್ ಹಿಡಿದು ಹೊರಟ. ಎಡವಟ್ಟಾದದ್ದೇ ಅಲ್ಲಿ. ಹಿಂದೆ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಈ ಊರಲ್ಲಿ ಅದನ್ನು ಮಾಡಿಸಿದವರು ಯಾರೂ ಇರಲಿಲ್ಲ. ಕಾಯಿದೆ ಎಂದೋ ರದ್ದಾಗಿತ್ತು, ಭಯ ರದ್ದಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ.

ಮೊದಲು ಸಿಕ್ಕಿದ್ದು ಟೈಲರ್ ಅಂಗಡಿ.

"ಯಜಮಾನ್ರೇ, ಎಷ್ಟು ವರ್ಷದಿಂದ ರೇಡಿಯೊ ಇಟ್ಕೊಂಡಿದೀರಿ?"

ಟೈಲರ್ ಅಳತೆ ತೆಗೆಯುವವನಂತೆ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ರೇಡಿಯೊನಾ? ಹಾಗಂದ್ರೇನು?"

"ನನ್ನ ದನಿ ಗುರುತು ಸಿಗಲಿಲ್ವಾ?"

"ಎಲ್ಲೋ ಕೇಳಿದ ಹಾಗಿದೆ. ಆದ್ರೆ ರೇಡಿಯೊನೇ ಇಲ್ಲ ಅಂದ್ಮೇಲೆ ಎಲ್ಲಿ ಕೇಳೋದು ಸ್ವಾಮಿ?"

ಬಟ್ಟೆ ರಾಶಿಯ ಅಡಿಯಿಂದ ಹಾಡೊಂದು ಬರುತ್ತಿತ್ತು. ಟೈಲರ್ ಮೆಲ್ಲನೆ ಹೋಗಿ ಅದರ ಮೇಲೆ ಕೂತ. ಹಾಡಿಗೆ ನೆಗಡಿಯಾಯಿತು.

ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಇನ್ನೂ ಘಾಟಿ. "ನಮ್ಮನೇಲಿ ಎಲ್ಲರಿಗೂ ಹುಟ್ಟು ಕಿವುಡಪ್ಪ" ಎಂದು, ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟು ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚತೊಡಗಿದವು.

ಉದ್ಘೋಷಕನಿಗೆ ಅಳುವೇ ಬಂತು. ಕೊನೆಗೆ ಮಧ್ಯಾಹ್ನ ಮೈಕಿನ ಮುಂದೆ ಕೂತು ತನ್ನ ಅತಿ ನಯವಾದ ದನಿಯಲ್ಲಿ ಹೇಳಿದ: "ಕೇಳುಗರೇ, ಮನೆಯಲ್ಲಿ ರೇಡಿಯೊ ಇದ್ದವರು ಹೆದರಬೇಡಿ. ಹಳೆಯ ಲೈಸೆನ್ಸಿನ ವಿಚಾರಣೆ ನಡೆಯುತ್ತಿಲ್ಲ. ಸಂಜೆ ದೊಡ್ಡ ಸಾಹೇಬರು ಬರುತ್ತಾರೆ, ಅಷ್ಟೆ."

ಸಂಜೆ ಸಾಹೇಬರ ಕಾರು ಗೇಟಿನಲ್ಲೇ ನಿಲ್ಲಬೇಕಾಯಿತು. ಗೇಟಿಗೆ ಅಡ್ಡವಾಗಿ ರೇಡಿಯೊಗಳ ಗುಡ್ಡ. ಚೀಲದಲ್ಲಿ ತುಂಬಿದವು, ಹಳೇ ಸೀರೆಯಲ್ಲಿ ಸುತ್ತಿದವು, ಟೈಲರನ ಕತ್ತರಿಸಿದ ಬಟ್ಟೆಯಲ್ಲಿ ಮೂಟೆ ಕಟ್ಟಿದ್ದು. ತಂದಿಟ್ಟವರ ಪತ್ತೆಯಿಲ್ಲ. ನಿಂತಿದ್ದವಳು ಉದ್ಘೋಷಕನ ಹೆಂಡತಿ ಒಬ್ಬಳೇ; ಮನೆಯ ರೇಡಿಯೊವನ್ನು ರಾಶಿಯ ಮೇಲೆ ಇಡುತ್ತಿದ್ದಳು.

"ನೀನೂನಾ?" ಎಂದ ಅವನು.

"ಅಷ್ಟು ನಯವಾಗಿ ಹೆದರಬೇಡಿ ಅಂದ್ರೆ ಯಾರಿಗ್ರೀ ಹೆದರಿಕೆ ಆಗಲ್ಲ?"

ಸಾಹೇಬರು ಗುಡ್ಡವನ್ನು ಒಂದು ಸುತ್ತು ಹಾಕಿ ಬಂದರು. "ಊರಿಗೆ ಊರೇ ನಿಮ್ಮನ್ನ ಕೇಳ್ತಿತ್ತು, ಒಪ್ಕೊಂಡೆ ಕಣ್ರೀ. ನಾಳೆಯಿಂದ ಯಾರು ಕೇಳ್ತಾರೆ?"

ಉದ್ಘೋಷಕ ಎದ್ದೆನೋ ಬಿದ್ದೆನೋ ಎಂದು ಒಳಗೆ ಓಡಿ ಮೈಕ್ ಹಿಡಿದ. ಆಫ್ ಮಾಡದೆ ಬಿಟ್ಟಿದ್ದ ರೇಡಿಯೊಗಳೆಲ್ಲ ಮೂಟೆಯೊಳಗಿಂದ ಒಟ್ಟಿಗೇ ಬೇಡಿಕೊಂಡವು: "ಕೇಳುಗರೇ, ದಯವಿಟ್ಟು ಬಂದು ನಿಮ್ಮ ನಿಮ್ಮ ರೇಡಿಯೊ ತೆಗೆದುಕೊಂಡು ಹೋಗಿ."

ಸಾಹೇಬರು ಪೂರ್ತಿ ಕೇಳಿದರು. ದನಿ ಬಹಳ ಚೆನ್ನಾಗಿದೆ ಎಂದು ಅವನ ಹೆಂಡತಿಗೆ ಹೇಳಿ, ಬೀಗ ತರಲು ಡ್ರೈವರನ್ನು ಕಳಿಸಿದರು.