ದೋಣಿಯ ಹೊಟ್ಟೆ ತೊಳೆದ ದೊಡ್ಡವ್ವ

ಇವತ್ತು ಅಂಗಳ ಕಸ ಹೊಡೆದೆ. ಹಂಡೆಗೆ ಬೂದಿ ಹಚ್ಚಿ ತಿಕ್ಕಿದೆ. ಜೋಳ ಹಸನು ಮಾಡಿದೆ. ಎರಡು ಕೌದಿ ಬಿಸಿಲಿಗೆ ಹಾಕಿದೆ. ಕಂದೀಲಿನ ಗಾಜು ಒರೆಸಿ, ಮನೆ ಚೊಕ್ಕ ಆಯಿತೆಂದು ಕಾಲು ಚಾಚಿದೆನೋ ಇಲ್ಲವೋ, ಒಳಗಿಂದ ದನಿ ಬಂತು: “ಗಾಜಿನ ಒಳಗ ಒರಸೀದೇನ? ಇಲ್ಲ ಬರೇ ಮ್ಯಾಲ ಸವರೀದಿ?”

ನಮ್ಮ ದೊಡ್ಡವ್ವ ನೀರನ್ನೂ ತೊಳೆದು ಕುಡಿಯುವ ಹೆಂಗಸು! ನಗಬೇಡಿ. ಬಾವಿಯಿಂದ ಸೇದಿದ ನೀರನ್ನು ಮೂರು ಸಲ ಸೋಸಿ, ನಾಲ್ಕನೇ ಸಲ ಸೋಸಿದ ಅರಿವೆಯನ್ನೇ ಸೋಸುವವಳು. ಆಕೆ ನನ್ನ ಗಂಡನ ದೊಡ್ಡವ್ವ. ಮೈಲೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದ ಮೊದಲ ವಾರ ನನ್ನನ್ನು ಎರಡು ಸಲ ತಿಕ್ಕಿ ಮೀಯಿಸಿದಳು. ತವರಿನ ಧೂಳು ಹೋಗಿಲ್ಲವಂತೆ!

ಪಕ್ಕದ ಮನೆಯ ಚಾಚಾ ಬಿದರಿ ಕೆಲಸದವರು. ಒಮ್ಮೆ ಅವರು ಬೆಳ್ಳಿಯ ಹೂಬಳ್ಳಿ ಕೂಡಿಸಿದ ಹೂಜಿಯೊಂದನ್ನು ಕೋಟೆಯ ಮಣ್ಣಿನಲ್ಲಿ ಕುದಿಸಿ, ಕಪ್ಪೇರಿಸಿ, ನಮ್ಮ ಕಟ್ಟೆಯ ಮೇಲೆ ಇಟ್ಟು ನಮಾಜಿಗೆ ಹೋದರು. ತಿರುಗಿ ಬರುವಷ್ಟರಲ್ಲಿ ದೊಡ್ಡವ್ವ ಹುಣಸೆಹಣ್ಣು ಹಚ್ಚಿ ಆ ಕಪ್ಪನ್ನೆಲ್ಲ ತಿಕ್ಕಿ ತೆಗೆದಿದ್ದಳು. ಚಾಚಾ ತಲೆ ಮೇಲೆ ಕೈ ಹೊತ್ತು ಕೂತರು.

“ಭಾಬೀ, ಎಂಟು ದಿನದ ಕರಿ ಅದು!”

“ಎಂಟು ದಿನ ತನಾ ಕರಿ ಇಟ್ಕೊಂಡು ಕುಂತಿದ್ರೇನ್ರಿ? ನನಗ ಹೇಳಿದ್ರ ಅವತ್ತೇ ತಿಕ್ಕತಿದ್ದೆ!”

ಪೋಲೀಸ್ ಆ್ಯಕ್ಷನ್ ಮುಗಿದ ಹೊಸತು. ನಿಜಾಮನ ಕಾಲ ಹೋಯಿತು, ಊರಲ್ಲಿ ಹೊಸ ಬಾವುಟ ಏರಿತು. ಆದರೆ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಸೇಡಿನ ಗದ್ದಲ ಎದ್ದಿತ್ತು; ಅಂಜಿದ ಚಾಚಾ ಬಾಗಿಲು ತೆರೆಯಲಿಲ್ಲ. ಅವರ ಒಬ್ಬಳೇ ಮಗಳನ್ನು ಔರಾದ ಕಡೆ ಒಂದು ಹಳ್ಳಿಗೆ ಕೊಟ್ಟಿತ್ತು. ಆ ಗದ್ದಲದಲ್ಲಿ ಮನೆಯಿಂದ ಹೋದ ಗಂಡ ಮರಳಿರಲಿಲ್ಲ. ಏಳು ತಿಂಗಳ ಬಸುರಿ ಒಬ್ಬಳೇ ಕೂತಿದ್ದಾಳೆಂದು ಸುದ್ದಿ ಬಂತು. ನಡುವೆ ಮಾಂಜ್ರಾ ನದಿ, ದಂಡೆ ಮೀರಿ ತುಂಬಿತ್ತು. ಸುದ್ದಿ ಕೇಳಿದ ದೊಡ್ಡವ್ವ ಚಾಚಾನ ಬಾಗಿಲು ಬಡಿದಳು. “ಏಳ್ರಿ, ಹುಡುಗೀನ್ ಕರ್ಕೊಂಡು ಬರಮು.” ನಮ್ಮ ಮನೆಯವರು ಬಂಡಿ ಹೂಡಿದರು. ಬೆಳಕು ಹರಿಯುವ ಮೊದಲೇ ಹೊರಟೆವು. ಚಾಚಾ ಮನೆಗೆ ಬೀಗ ಹಾಕಿ, ಕಸುಬಿನ ಹತ್ಯಾರದ ಪೆಟ್ಟಿಗೆಯನ್ನು ಎದೆಗವಚಿ ಕೂತಿದ್ದರು.

ಭಾಲ್ಕಿ ಸೀಮೆಯ ಈಚೆ ದಂಡೆಯಲ್ಲಿ ಉಳಿದದ್ದು ಒಂದೇ ದೋಣಿ. ಹಿಟ್ಟಿನ ಗಿರಣಿಯ ಎಣ್ಣೆ ಇಂಜಿನ್ನನ್ನು ಕಿತ್ತು ತಂದು ಕೂಡಿಸಿದ ದೋಣಿ. ಅಂಬಿಗ ಚಾಚಾನ ಗಡ್ಡ ನೋಡಿದ, ಟೋಪಿ ನೋಡಿದ, ಆಮೇಲೆ ಆಕಾಶ ನೋಡಿದ.

“ದೋಣಿ ನಡಿಯಲ್ರಿ ಅವ್ವಾ. ಒಳಗೆಲ್ಲ ಹೊಲಸ ಆಗ್ಯದ.”

ಅದು ನೆಪ ಎಂದು ನನಗೆ ತಿಳಿಯಿತು, ಚಾಚಾನಿಗೆ ತಿಳಿಯಿತು, ನಮ್ಮ ಎತ್ತುಗಳಿಗೂ ತಿಳಿದಿರಬೇಕು. ದೊಡ್ಡವ್ವನಿಗೆ ಮಾತ್ರ ತಿಳಿಯಲಿಲ್ಲ. ತಿಳಿಯಲಿಲ್ಲವೋ, ತಿಳಿಯಬಾರದೆಂದು ಹಟ ಹಿಡಿದಳೋ! ಹೊಲಸು ಎಂಬ ಶಬ್ದ ಕೇಳಿದ್ದೇ ಸೆರಗು ಸಿಗಿಸಿದಳು.

“ಹೊಲಸೇನು? ಅಷ್ಟೇ ಹೌದಿಲ್ಲೋ? ತೊಳಿತೇನಿ, ಅತ್ತಾಗ ಸರಿ!”

“ಅವ್ವಾ, ಹೆಣ್ಮಕ್ಕಳು ಇಂಜಿನ್ ಖೋಲಿಗಿ ಇಳಿಯಂಗಿಲ್ರಿ.”

“ಗಂಡಸರು ಇಳಿದದ್ದಕ್ಕೇ ಹಿಂಗಾಗ್ಯದ. ಅತ್ತಾಗ ಸರಿ ಅಂತೇನಿ!”

ಹಲಗೆ ಎತ್ತಿದರೆ ದೋಣಿಯ ತಳದಲ್ಲಿ ಮೊಣಕಾಲುದ್ದ ಕಪ್ಪು ಗಸಿ. ಕೊಳೆತ ನೀರು, ಇಂಜಿನ್ನಿನಿಂದ ಸೋರಿದ ಎಣ್ಣೆ, ಮೀನಿನ ಮುಳ್ಳು, ಒಂದು ಸತ್ತ ಏಡಿ, ಒಂಟಿ ಚಪ್ಪಲಿ. ನಾನು ಮೂಗು ಮುಚ್ಚಿದೆ. ದೊಡ್ಡವ್ವನ ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ! ಇಷ್ಟು ಹೊಲಸು ಜೀವಮಾನದಲ್ಲಿ ಆಕೆಗೆ ಒಂದೇ ಕಡೆ ಸಿಕ್ಕಿರಲಿಲ್ಲ. ಆಕೆ ತಂಬಿಗೆಯಲ್ಲಿ ಎತ್ತಿ ಕೊಡೋದು, ನಾನು ದಂಡೆಯ ಗುಂಡಿಗೆ ಸುರಿಯೋದು. ಉಳಿದ ಎಣ್ಣೆಯ ಮೇಲೆ ಎತ್ತಿನ ಹೊಟ್ಟು ಚೆಲ್ಲಿ, ಅದು ಹೀರಿದ ಮೇಲೆ ಬಳಿದು ತೆಗೆದಳು. ಆಮೇಲೆ, ಆಕೆ ಎಲ್ಲಿಗೆ ಹೋದರೂ ಬಂಡಿಯಲ್ಲಿ ಹೇರಿಕೊಳ್ಳುವ ಬೂದಿ, ಸೀಗೆಕಾಯಿ ಚೀಲ, ದಂಡೆಯಲ್ಲೇ ಕಾಯಿಸಿದ ಬಿಸಿನೀರು. ಇಂಜಿನ್ನನ್ನು ಘಾಸಲೇಟ್ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ಅದರ ಹಣೆಗೆ ವಿಭೂತಿ ಬೇರೆ! ಇಂಜಿನ್ನಿಗೆ ಹಣೆ ಎಲ್ಲಿ ಎನ್ನುತ್ತೀರಾ? ದೊಡ್ಡವ್ವನಿಗೆ ಸಿಕ್ಕಿತು.

ಆದರೆ ತಿಕ್ಕುವ ಉಮೇದಿಯಲ್ಲಿ ಹಲಗೆಗಳ ಸಂದಿನ ಡಾಂಬರನ್ನೂ ಹೊಲಸೆಂದು ಕೆರೆದು ತೆಗೆದಿದ್ದಳು. ತಳದಿಂದ ನಾಲ್ಕು ಕಡೆ ನೀರು ಚಿಮ್ಮಿತು! ಅಂಬಿಗನಿಗೆ ಹೋದ ಜೀವ ಬಂದಂತಾಯಿತು.

“ನೋಡ್ರಿ! ಇನ್ನ ಆಯ್ತು, ಮನಿಗಿ ನಡೀರಿ!”

ದೊಡ್ಡವ್ವ ತುಟಿ ಕಚ್ಚಿ ನಿಂತಳು. ತೊಳೆದು ತಪ್ಪು ಮಾಡಿದೆ ಎಂದು ಆಕೆಗೆ ಅನಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪೆಟ್ಟಿಗೆ ಬಿಡದೆ ಕೂತಿದ್ದ ಚಾಚಾ ಆಗ ಎದ್ದರು. ಪೆಟ್ಟಿಗೆ ತೆರೆದು, ಬಿದರಿ ಅಚ್ಚಿಗೆ ಹಚ್ಚುವ ರಾಳ, ಮೇಣ, ಔಡಲೆಣ್ಣೆಯ ಮುದ್ದೆ ತೆಗೆದು, ಮೂರು ಕಲ್ಲು ಹೂಡಿ ಕಾಯಿಸಿದರು. ನಮ್ಮ ಮನೆಯವರು ದೋಣಿಯನ್ನು ಉಸುಕಿಗೆ ಎಳೆಸಿದರು. ದೊಡ್ಡವ್ವ ಸೀರೆಯ ಅಂಚು ಹರಿದು ಕೊಟ್ಟಳು. ಬೆಳ್ಳಿ ಎಳೆ ಕೂಡಿಸುವ ಬೆರಳುಗಳು ಸಂದು ಸಂದಿಗೆ ಆ ಅರಿವೆ ತುಂಬಿ, ಮೇಲೆ ರಾಳ ಮೆತ್ತಿದವು. ಮತ್ತೆ ನೀರಿಗೆ ನೂಕಿದರೆ ಒಂದು ಹನಿ ಇಲ್ಲ!

ಅಷ್ಟೊತ್ತಿಗೆ ದಂಡೆಯ ಮೇಲೆ ಹತ್ತಿಪ್ಪತ್ತು ಜನ ಕೂಡಿದ್ದರು. ಅಂಬಿಗ ದನಿ ತಗ್ಗಿಸಿ ಖರೆ ಮಾತು ಆಡಿದ: “ಅವ್ವಾ, ಇವರ್ನ ದಾಟಿಸಿದ್ರ ಊರವರು ಬಾಯಿಗಿ ಬಂದಂಗ ಅಂತಾರ್ರಿ.”

ದೊಡ್ಡವ್ವ ಕೂಡಿದ ಜನರನ್ನು ನೋಡುತ್ತಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: “ದೋಣಿ ಹೊಲಸಂದಿ, ತೊಳದೆ. ಯಾರ್ಯಾರ ಬಾಯಿ ಹೊಲಸ ಅದ, ಬರ್ಲಿ. ಇನ್ನಾ ಅರ್ಧ ಚೀಲ ಸೀಗಿಕಾಯಿ ಉಳದದ!”

ಯಾರೂ ಮುಂದೆ ಬರಲಿಲ್ಲ. ಹಿಂದೆ ನಿಂತ ಮುದುಕನೊಬ್ಬ ಕಿಸಕ್ಕೆಂದ. ಅಂಬಿಗನಿಗೂ ನಗು ತಡೆಯಲಿಲ್ಲ, ಇಂಜಿನ್ನಿನ ಗಾಲಿ ತಿರುಗಿಸಿದ. ಇಂಜಿನ್ ಕೆಮ್ಮಿತು, ಸೀನಿತು, ಹೊರಟಿತು.

ನಮ್ಮ ಮನೆಯವರನ್ನು ಬಂಡಿ, ಎತ್ತುಗಳ ಕಾವಲಿಗೆ ಬಿಟ್ಟು, ಆಚೆ ದಂಡೆಯ ಆ ಹಳ್ಳಿ ಮುಟ್ಟುವಾಗ ಹೊತ್ತು ಇಳಿದಿತ್ತು. ಅಪ್ಪನನ್ನು ಕಂಡು ಹುಡುಗಿ ಅಳಲಿಲ್ಲ, ಬಾಗಿಲಿನಿಂದ ಸರಿಯಲೂ ಇಲ್ಲ. “ನಾ ಬರಲ್ಲ ಅಬ್ಬಾ” ಎಂದಳು. ಮನೆ ತಿಂಗಳಿಂದ ಕಸಬರಿಗೆ ಕಂಡಿರಲಿಲ್ಲ. ಪಡಸಾಲೆಯ ತುಂಬ ಒಣಗಿದ ಕೆಸರು. ದೊಡ್ಡವ್ವ ಮೂಲೆಯ ಕಸಬರಿಗೆ ಹಿಡಿದು ಬಾಗಿಯೇ ಬಿಟ್ಟಳು.

“ಅದು ಬ್ಯಾಡ್ರಿ, ಅಮ್ಮಾ!” ಹುಡುಗಿ ಓಡಿ ಬಂದು ಅಡ್ಡ ಕೂತಳು. “ಅವರು ಹೋಗುವಾಗಿನ ಹೆಜ್ಜಿ ಅವ. ನಾ ಹೋದ್ರ ಯಾರರ ತುಳೀತಾರ್ರಿ.”

ನೋಡಿದೆ. ಒಳಗಿಂದ ಹೊಸ್ತಿಲಿನವರೆಗೆ ಕೆಸರಿನ ಐದು ಹೆಜ್ಜೆ. ಅಂಚು ಬಿರಿದಿದ್ದವು. ದೊಡ್ಡವ್ವ ಕಸಬರಿಗೆ ಗೋಡೆಗೆ ಒರಗಿಸಿದಳು. ಹಿತ್ತಲಿನಿಂದ ಎರಡು ಬುಟ್ಟಿ ತಂದಳು, ಸಾಲದೆ ಎರಡು ಮೊರ ತಂದಳು, ಕೊನೆಗೆ ಹಿಟ್ಟು ನಾದುವ ಪರಾತವನ್ನೂ ತಂದಳು. ಒಂದೊಂದು ಹೆಜ್ಜೆಯ ಮೇಲೂ ಒಂದೊಂದನ್ನು ಮೆಲ್ಲಗೆ ಬೋರಲು ಹಾಕಿ, ಮೇಲೆ ಕಲ್ಲಿಟ್ಟಳು.

“ಬೀಗ ಹಾಕಮು. ಅವ ಬಂದಾಗ ನೀನೇ ತೆಗಿವಂತಿ” ಎಂದಳು.

ಹುಡುಗಿ ಪರಾತದ ಮೇಲಿನ ಕಲ್ಲನ್ನು ನಡುವಿಗೆ ಸರಿಸಿ, “ಬೆಳಗಾದ್ರ ಬರ್ತೇನಿ” ಎಂದಳು.

ಕತ್ತಲಾದರೆ ಹೊಳೆ ದಾಟುವಂತಿಲ್ಲ, ಅಲ್ಲೇ ಉಳಿದೆವು. ಅವತ್ತು ಉಂಡದ್ದು ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದೊಂದು ಉಳ್ಳಾಗಡ್ಡಿ. ಅಂಬಿಗನೂ ಹೊರಗೆ ಕೂತು ಮೂರು ರೊಟ್ಟಿ ಉಂಡ. ಮೊದಲು ನಿದ್ದೆ ಹೋದವಳು ಹುಡುಗಿ, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ, ದೊಡ್ಡವ್ವನ ತೊಡೆಗೆ ಒರಗಿ. ನಾನು ಎಂಜಲು ತಾಟು ತೊಳೆಯಲು ಎದ್ದೆ. ದೊಡ್ಡವ್ವ ಕಣ್ಣಲ್ಲೇ ನನ್ನನ್ನು ಕೂಡಿಸಿದಳು.

“ಇರಲಿ ಬಿಡು. ಸಪ್ಪಳಾಗ್ತದ.”