ಕಹಳೆ ಪೆಟ್ಟಿಗೆಯೂ ನನ್ನ ಅಭಿಪ್ರಾಯವೂ

ಸಿರಿ, ಶರಣು, ನಿಮ್ಮ ಅಜ್ಜಿಗೆ ಒಂದು ಕಾಯಿಲೆಯಿದೆ. ಗಾಬರಿಯಾಗಬೇಡಿ, ಡಾಕ್ಟರಿಗೆ ತೋರಿಸುವಂಥದ್ದಲ್ಲ. ಎರಡು ವಸ್ತು ಮುಂದಿಟ್ಟು ಯಾವುದು ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ನನ್ನ ನಾಲಿಗೆ ಒಣಗಿಹೋಗುತ್ತದೆ. ಕಾಫಿಯೋ ಟೀಯೋ ಎಂದರೆ "ಯಾವುದು ಮಾಡಿದ್ದೀರೋ ಅದೇ ಕೊಡಿ" ಅನ್ನುತ್ತೇನೆ. ಸೀರೆ ಅಂಗಡಿಯಲ್ಲಿ ನನ್ನ ಪಕ್ಕ ಕೂತವರು ಆರಿಸಿದ್ದೇ ನನ್ನ ಸೀರೆ. ಇದು ಈಗ ಬಂದದ್ದಲ್ಲ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಬಾಯಿ ಬಿಡಲಾಗದೆ, ಗೊತ್ತಿಲ್ಲದವರ ಜೊತೆ ಬೆಂಚಿನ ಮೇಲೆ ನಿಂತವಳು ನಾನು. ಬೆಂಚಿನ ಮೇಲಿಂದ ಕಿಟಕಿಯಾಚೆಯ ಕೆರೆ ಚೆನ್ನಾಗಿ ಕಾಣುತ್ತಿತ್ತು, ಆದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ.

ಇಂಥವಳನ್ನು ಹಿಡಿದು ನಿಮ್ಮ ತಾತ ಮತ್ತು ನಿಮ್ಮಪ್ಪ ಒಮ್ಮೆ ತೀರ್ಪು ಕೊಡಲು ಕೂರಿಸಿದರು. ನೀವಿಬ್ಬರೂ ಆಗಿನ್ನೂ ಹುಟ್ಟಿರಲಿಲ್ಲ. ಹಜಾರದ ಮೂಲೆಯಲ್ಲಿ ಅಗಲ ಬಾಯಿಯ ಒಂದು ಮರದ ಪೆಟ್ಟಿಗೆಯಿದೆಯಲ್ಲ, ಶರಣು ಅದರೊಳಗೆ ಅಕ್ಕನ ಚಪ್ಪಲಿ ಬಚ್ಚಿಡುತ್ತಾನಲ್ಲ, ಅದರ ಕಥೆ ಇದು.

ನಿಮ್ಮ ತಾತ ಇಲ್ಲೇ ದೊಡ್ಡನೆಕ್ಕುಂದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಎರಕ ಹೊಯ್ಯುವ ಫೌಂಡ್ರಿಗಳಿಗೆ ಮರದ ಅಚ್ಚು ಮಾಡಿಕೊಡುವ ವರ್ಕ್‌ಶಾಪಿನಲ್ಲಿದ್ದರು. ವರ್ಷಗಟ್ಟಲೆ ಗರಗಸದ ಯಂತ್ರದ ಪಕ್ಕ ನಿಂತು ಅವರ ಕಿವಿ ಮಂದವಾಗಿತ್ತು. ಹಕ್ಕಿಯ ಕೂಗು, ಕುಕ್ಕರಿನ ಸೀಟಿ, ನನ್ನ ಮಾತು, ಯಾವುದೂ ಕೇಳುತ್ತಿರಲಿಲ್ಲ. "ನಿನ್ನ ಮಾತು ಕೇಳಿಸ್ದೇ ಇರೋದಕ್ಕೆ ನನ್ನ ಕಿವಿಯನ್ಯಾಕೆ ದೂರ್ತೀಯ, ನೀನು ಮಾತಾಡಿದ್ರೆ ತಾನೇ?" ಎಂದು ನಗುತ್ತಿದ್ದರು. ಆದರೆ ತಮಟೆ, ಡೋಲು, ಮದ್ದಳೆಯ ಸದ್ದನ್ನು ಅವರು ಎದೆಯಲ್ಲೇ ಕೇಳುತ್ತಿದ್ದರು. ರಸ್ತೆಯಲ್ಲಿ ತಮಟೆ ಹೋದರೆ ಅರ್ಧ ಊಟದಿಂದ ಎದ್ದು ಬಾಗಿಲಿಗೆ ಬರುತ್ತಿದ್ದರು.

ನಿಮ್ಮಪ್ಪ ಬಸವರಾಜು ದಾವಣಗೆರೆ ಕಡೆಯವರು, ಮಹದೇವಪುರದಲ್ಲಿ ಕಂಪ್ಯೂಟರ್ ಕೆಲಸ. ನಿಮ್ಮಮ್ಮನನ್ನು ಮದುವೆಯಾಗಿ ನಮ್ಮ ಮಹಡಿ ಮನೆಗೇ ಬಂದರು. ಮಾವ, ಅಳಿಯ ಇಬ್ಬರೂ ಬಂಗಾರದಂಥವರು, ಆದರೆ ಇಬ್ಬರಿಗೂ ಒಬ್ಬರೊಡನೊಬ್ಬರು ಆಡಲು ಮಾತೇ ಇರಲಿಲ್ಲ. "ಊಟ ಆಯ್ತಾ ಅಳಿಯಂದ್ರೇ?" "ಆತ್ರೀ ಮಾವ." ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರೂ ಫ್ಯಾನು ನೋಡುತ್ತ ಕೂರುತ್ತಿದ್ದರು. ಆ ಮೌನ ನೋಡಿ ನನಗೆ ಸಂಕಟವಾಗುತ್ತಿತ್ತು. ಮಾತು ಹೊರಡದ ಕಷ್ಟ ಏನೆಂದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಒಂದು ಭಾನುವಾರ ನಿಮ್ಮಪ್ಪ ಕಂಪ್ಯೂಟರಿನಿಂದ ಒಂದು ನಕ್ಷೆ ತೆಗೆದುಕೊಂಡು ಕೆಳಗೆ ಬಂದರು. ಮದ್ದಳೆ, ಡೋಲುಗಳಂಥ ಗುಮ್ಮೆನ್ನುವ ತಗ್ಗಿನ ಸದ್ದಿಗೆಂದೇ ಮನೆಯಲ್ಲಿ ಮಾಡಿಕೊಳ್ಳುವ ಸ್ಪೀಕರ್ ಪೆಟ್ಟಿಗೆಯ ನಕ್ಷೆ. ಸ್ಪೀಕರ್ ಪೆಟ್ಟಿಗೆಯ ಹೊಟ್ಟೆಯೊಳಗೆ ಕೂತಿರುತ್ತದಂತೆ, ಅದರ ಸದ್ದು ಬರಬರುತ್ತ ಅಗಲವಾಗುವ ಒಂದು ಓಣಿಯಲ್ಲಿ ಸುತ್ತಿ ಸುತ್ತಿ ನಡೆದು ದೊಡ್ಡ ಬಾಯಿಯಿಂದ ಹೊರಗೆ ಬರುತ್ತದಂತೆ. ನಿಮ್ಮ ತಾತ ನಕ್ಷೆಯನ್ನು ಒಮ್ಮೆ ತಿರುಗಿಸಿ ನೋಡಿ, "ಓ, ಇದು ಕಹಳೆ! ನೆಟ್ಟಗೆ ಮಾಡಿದ್ರೆ ಬೀದಿಗೆ ಹೋಗುತ್ತೆ ಅಂತ ಮಡಚಿ ಪೆಟ್ಟಿಗೆಯೊಳಗೆ ಇಟ್ಟಿದಾರೆ" ಅಂದರು. ಅಳಿಯನ ಮುಖ ಅರಳಿತು. ಅವತ್ತಿನಿಂದ ಮಹಡಿಯ ಮೇಲಿನ ಶೀಟಿನ ಶೆಡ್ಡಿನಲ್ಲಿ ಗರಗಸದ ಸದ್ದು, ಜೊತೆಗೆ ಇಬ್ಬರ ಮಾತು. ನಾನು ಕೆಳಗೆ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಮಾತಿನ ತಲೆಬುಡ ತಿಳಿಯದಿದ್ದರೂ ಕಿವಿಗೆ ಹಿತವಾಗಿತ್ತು.

ಇಬ್ಬರೂ ಸೇರಿ ಮೊದಲನೇ ಪೆಟ್ಟಿಗೆ ಮಾಡಿದರು. ಹಜಾರದಲ್ಲಿಟ್ಟು ಒಂದು ಜನಪದ ಹಾಡು ಹಾಕಿದರು. ಮಕ್ಕಳೇ, ಏನು ಹೇಳಲಿ? ಪಕ್ಕದ ಬೀದಿಯಲ್ಲಿ ಯಾರೋ ಡೋಲು ಬಾರಿಸುತ್ತ ನಮ್ಮನೆಗೇ ಬರುತ್ತಿರುವ ಹಾಗಿತ್ತು. ಚರ್ಮದ ಮೇಲೆ ಅಂಗೈ ಬಿದ್ದದ್ದು, ಕೋಲು ಬಿದ್ದದ್ದು ಬೇರೆ ಬೇರೆ ತಿಳಿಯುತ್ತಿತ್ತು. ನನ್ನ ಮೈ ಝುಮ್ಮೆಂದಿತು. "ಹೆಂಗಿದೆ?" ಎಂದರು ನಿಮ್ಮ ತಾತ. "ಹೂಂ, ಚೆನ್ನಾಗಿದೆ" ಎಂದವಳೇ ಹಾಲು ಉಕ್ಕೀತೆಂದು ಒಳಗೆ ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ, ಅದು ಬೇರೆ ಮಾತು. ಹಿಂದಿನಿಂದ ನಿಮ್ಮಪ್ಪ ಹೇಳುವುದು ಕೇಳಿಸಿತು: "ಅತ್ತೆಗೆ ಹಿಡಿಸಿಲ್ಲ ಅನ್ನಿಸ್ತದ ಮಾವ."

ಆದ್ದರಿಂದ ಅದನ್ನು ಸರಿಪಡಿಸುವ ಕೆಲಸ ಶುರುವಾಯಿತು. ಓಣಿ ಇನ್ನೂ ಉದ್ದವಾಗಬೇಕೆಂದು ನಿಮ್ಮ ತಾತ, ಸ್ಪೀಕರಿನ ಹಿಂದಿನ ಗೂಡು ದೊಡ್ಡದಾಗಬೇಕೆಂದು ನಿಮ್ಮಪ್ಪ. ವಾದ ಬಗೆಹರಿಯಲಿಲ್ಲ. ತಲಾ ಒಂದು ಪೆಟ್ಟಿಗೆ ಮಾಡಿ ಹೋಲಿಸಿ ನೋಡೋಣ ಎಂದಾಯಿತು. ತೀರ್ಪು ಯಾರದು? "ಇವಳಿಗೆ ಇದರಲ್ಲಿ ಏನೂ ಗೊತ್ತಿಲ್ಲ, ಪಕ್ಷಪಾತ ಮಾಡಲ್ಲ" ಎಂದು ನಿಮ್ಮ ತಾತ ನನ್ನ ಹೆಸರು ಹೇಳಿದರು.

ಮುಂದಿನ ಭಾನುವಾರ ಎರಡು ಪೆಟ್ಟಿಗೆ ಬಂದವು. ಅದೇ ಹಾಡು, ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ. ಇಬ್ಬರೂ ಪರೀಕ್ಷೆ ಬರೆದ ಹುಡುಗರ ಹಾಗೆ ನನ್ನನ್ನೇ ನೋಡುತ್ತಿದ್ದರು. ಒಬ್ಬರದು ಚೆನ್ನಾಗಿದೆ ಎಂದರೆ ಇನ್ನೊಬ್ಬರು ಫ್ಯಾನು ನೋಡಲು ಶುರುಮಾಡುತ್ತಾರೆ, ನಾನು ಬಲ್ಲೆ. "ಎರಡೂ ಚೆನ್ನಾಗಿವೆ" ಎಂದೆ. ಎರಡೂ ಮಹಡಿಗೆ ವಾಪಸು ಹೋದವು. ಅದರ ಮುಂದಿನ ವಾರ ಇನ್ನಷ್ಟು ದೊಡ್ಡದಾಗಿ ಬಂದವು. ತಗ್ಗಿನ ಸದ್ದು ಇನ್ನೂ ತಗ್ಗಿಗೆ ಹೋಗಬೇಕಾದರೆ ಓಣಿ ಉದ್ದವಾಗಬೇಕಂತೆ, ಬಾಯಿ ಅಗಲವಾಗಬೇಕಂತೆ. ನಾನು "ಎರಡೂ ಚೆನ್ನಾಗಿವೆ" ಎಂದಷ್ಟೂ ಅವು ಬೆಳೆದವು. ಮೊದಲು ಟೀಪಾಯಿ ಹೊರಗೆ ಹೋಯಿತು, ಆಮೇಲೆ ದಿವಾನ್ ಮಂಚ. ಸದ್ದೋ, ಯಾವ ಹಾಡು ಹಾಕಿದರೂ ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳೂ ಜೊತೆಗೆ ಹಾಡುತ್ತಿದ್ದವು. ನಿಮ್ಮಮ್ಮ ಒಮ್ಮೆ ನನ್ನನ್ನು ಅಡುಗೆಮನೆಗೆ ಎಳೆದು, "ಅಮ್ಮಾ, ಯಾವುದೋ ಒಂದನ್ನ ಹೇಳ್ಬಿಡು. ಇಲ್ದಿದ್ರೆ ಮುಂದಿನ ವಾರ ನಾವು ಆ ಪೆಟ್ಟಿಗೆಯೊಳಗೇ ಸಂಸಾರ ಮಾಡ್ಬೇಕಾಗುತ್ತೆ" ಅಂದಳು.

ಆ ಮುಂದಿನ ವಾರ ನಾನು ರವಿಕೆ ಹೊಲಿಯುತ್ತಿದ್ದೆ. ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರವಿರುವ ಜಾಗ ನಿಮಗೆ ಗೊತ್ತು. ಈ ಮನೆಯಲ್ಲಿ ನನ್ನದು ಎಂಬುದು ಅದೊಂದೇ. ಬೀದಿ ಕಾಣುತ್ತದೆ, ಬೀದಿಗೆ ನಾನು ಕಾಣುವುದಿಲ್ಲ. ಮಾವ, ಅಳಿಯ ಬಂದು ಯಂತ್ರದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತರು. "ಸ್ವಲ್ಪ ಏಳು, ಇದನ್ನ ಮೆಟ್ಟಿಲ ಕೆಳಗೆ ಇಡ್ತೀವಿ. ಪೆಟ್ಟಿಗೆ ಬಾಯಿಗೆ ಮೂಲೆ ಬೇಕು" ಎಂದರು ನಿಮ್ಮ ತಾತ. ಇಬ್ಬರೂ ಎತ್ತಿಯೇಬಿಟ್ಟರು. ಅರ್ಧ ಹೊಲಿದ ತೋಳು ಸೂಜಿಯಿಂದ ಜೋತಾಡುತ್ತಿತ್ತು.

"ಇಳಿಸ್ರೀ!" ಎಂದೆ.

ನಿಮ್ಮ ತಾತನಿಗೆ ಕೇಳಿಸಿತು. ಇಬ್ಬರೂ ಇಳಿಸಿದರು.

"ಮೊದಲು ಮಾಡಿದ್ದೇ ಚೆನ್ನಾಗಿತ್ತು. ಇವೆರಡೂ ಚೆನ್ನಾಗಿಲ್ಲ."

"ಏನಂದೆ?"

ಜೀವನದಲ್ಲಿ ಮೊದಲ ಸಲ ಒಂದು ಅಭಿಪ್ರಾಯವನ್ನು ಎರಡು ಸಲ ಹೇಳಿದೆ. "ನೀವಿಬ್ರೂ ಸೇರಿ ಮಾಡಿದ್ರಲ್ಲ, ಅದು. ಅದರಲ್ಲಿ ಡೋಲು ಮನೆಗೆ ಬರೋದು. ಇವುಗಳಲ್ಲಿ ಬರೀ ನನ್ನ ತಟ್ಟೆ ಅಲ್ಲಾಡ್ತವೆ."

ಇಬ್ಬರೂ ಆ ಎರಡು ಪೆಟ್ಟಿಗೆಗಳ ಕಡೆ ತಿರುಗಿ ನೋಡಿದರು. ಆಮೇಲೆ ನಿಮ್ಮಪ್ಪ ಮೆಲ್ಲಗೆ, "ಅದನ್ನ ಬಿಚ್ಚಿಬಿಟ್ಟೀವಲ್ರೀ ಅತ್ತೆ" ಅಂದರು. ಅದರ ಹಲಗೆಗಳು ಅರ್ಧ ಮಾವನ ಕೆಂಪು ಪೆಟ್ಟಿಗೆಗೆ, ಅರ್ಧ ಅಳಿಯನ ಕಂದು ಪೆಟ್ಟಿಗೆಗೆ ಹೋಗಿದ್ದವು. ನಿಮ್ಮ ತಾತ ನನ್ನನ್ನೇ ನೋಡುತ್ತ, "ಅಳಿಯಂದ್ರೇ, ಮದುವೆಯಾದಾಗಿನಿಂದ ಕಾದಿದ್ದೀನಿ, ಇವತ್ತು ಬಾಯಿಬಿಟ್ಟಿದಾಳೆ. ಸ್ಕ್ರೂಡ್ರೈವರ್ ತನ್ನಿ" ಅಂದರು. ಇಬ್ಬರೂ ಹಜಾರದಲ್ಲೇ ಕೂತು, ಒಬ್ಬರನ್ನೊಬ್ಬರು ಬೈದುಕೊಂಡು ನಗುತ್ತ, ಎರಡನ್ನೂ ಬಿಚ್ಚಿ ಮತ್ತೆ ಒಂದು ಮಾಡಿದರು. ಆ ಪೆಟ್ಟಿಗೆಯ ಒಂದು ಪಕ್ಕ ಕೆಂಪು, ಒಂದು ಪಕ್ಕ ಕಂದು ಯಾಕೆಂದು ಸಿರಿ ಕೇಳಿದ್ದಳು. ಇದಕ್ಕೇ ಕಣೇ.

ನಿಮ್ಮ ತಾತ ಆ ಪೆಟ್ಟಿಗೆಯ ಬಾಯಿಗೆ ಅಂಗೈ ಹಿಡಿದು ಹಾಡು ಕೇಳುತ್ತಿದ್ದರು. ಈಗ ಭಾನುವಾರ ನಿಮ್ಮಪ್ಪ ಡೋಲಿನ ಹಾಡು ಹಾಕಿದಾಗ, ಹೊಲಿಯುತ್ತ ಹೊಲಿಯುತ್ತ ನಾನೂ ಒಮ್ಮೊಮ್ಮೆ ಎದ್ದು ಹೋಗಿ ಕೈ ಹಿಡಿಯುತ್ತೇನೆ. ಬೆಚ್ಚಗೆ ಗಾಳಿ ತಾಗುತ್ತದೆ.

ಇಲ್ಲಿಯವರೆಗೆ ಬರೆದು ನಿಮ್ಮಮ್ಮನಿಗೆ ತೋರಿಸಿದೆ. ಅವಳು ಬೆಂಚಿನ ವಿಷಯ ತೆಗೆದು, ತಟ್ಟೆಯ ವಿಷಯ ತೆಗೆದು, ಚೊಕ್ಕಟವಾಗಿ ಇನ್ನೊಂದು ಪ್ರತಿ ಮಾಡಿಕೊಟ್ಟಳು. "ಯಾವುದು ಚೆನ್ನಾಗಿದೆ ಹೇಳಮ್ಮ" ಅಂದಳು. "ಎರಡೂ ಚೆನ್ನಾಗಿವೆ" ಎಂದೆ. ಮಕ್ಕಳೇ, ನಿಮ್ಮ ಕೈಯಲ್ಲಿರುವುದು ಮೊದಲನೆಯದು. ಇದನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಆ ಪೆಟ್ಟಿಗೆಯ ಬಾಯೊಳಗೆ ಮಾತ್ರ ಇಡಬೇಡಿ, ಡೋಲು ಶುರುವಾದರೆ ಕಾಗದ ಪಟಪಟ ಅನ್ನುತ್ತದೆ. ಆಗ ನಿಮ್ಮಮ್ಮ ಬಂದು ನೋಡುತ್ತಾಳೆ, ನಾನು ಇನ್ನೊಂದು ಸಲ ಅಭಿಪ್ರಾಯ ಹೇಳಬೇಕಾಗುತ್ತದೆ.